ಗ್ರಾಂ ಸಾಹೇಬರ ಹಗುರ ಕಾರು

ಗ್ರಾಂ ಸಾಹೇಬರ ಮನೆಯ ಹಾಲಿನ ಸೌಟಿಗೆ ಹನ್ನೊಂದು ತೂತು ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ಕೊರೆದವರು ಸ್ವತಃ ಸಾಹೇಬರೇ. ಕಾರಿನ ಬ್ರೇಕ್ ಪೆಡಲಿಗೆ ತೂತು ಹಾಕಿದರೆ ತೂಕ ಇಳಿಯುತ್ತದೆಯೇ ಹೊರತು ಬಲ ಇಳಿಯುವುದಿಲ್ಲ ಎಂದು ಎಷ್ಟು ಹೇಳಿದರೂ ಹೆಂಡತಿ ನಂಬಲಿಲ್ಲ. ತೋರಿಸಿಕೊಡೋಣವೆಂದರೆ ಕೈಗೆ ಸಿಕ್ಕಿದ್ದು ಸೌಟು.

"ನೋಡು, ಹನ್ನೆರಡು ಗ್ರಾಂ ಇಳೀತು. ಈಗ ಬಗ್ಗಿಸು, ಬಗ್ಗುತ್ತಾ?"

"ಬಗ್ಗಲ್ಲ ರೀ. ಹಾಲೂ ನಿಲ್ಲಲ್ಲ."

ಒಳಕೋಣೆಯಿಂದ ಸಾಹೇಬರ ತಾಯಿಯ ದನಿ ಬಂತು. "ಲೋ, ಮನೇಲಿ ಒಂದು ಜರಡಿ ಇತ್ತಲ್ಲೋ. ಇನ್ನೊಂದು ಯಾಕೆ?"

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಗ್ರಾಂ ಸಾಹೇಬ ಎಂಬ ಬಿರುದನ್ನು ಕೊಟ್ಟವರು ಊರಿನ ಅಂಗಡಿಯವರು, ಕೊಟ್ಟದ್ದು ಪ್ರೀತಿಯಿಂದಲ್ಲ. ತೂಕದ ಕಲ್ಲನ್ನು ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರೆ ಸಾಕು, ಅದು ಎಷ್ಟು ಸವೆದಿದೆ ಎಂದು ಹೇಳಬಲ್ಲ ಕೈ ಅವರದು. ಇಪ್ಪತ್ತೆರಡು ವರ್ಷ ಹೀಗೆ ಊರಿನವರ ಕೊರತೆಗಳನ್ನೆಲ್ಲ ಅಳೆದ ಮೇಲೆ ಒಂದು ದಿನ ಅವರಿಗೆ ಹೊಳೆಯಿತು: ತಾನು ಮಾಡಿದ್ದನ್ನು ಬೇರೆ ಯಾರೋ ಅಳೆದು 'ಸರಿಯಾಗಿದೆ' ಎನ್ನುವಂಥ ಒಂದೇ ಒಂದು ವಸ್ತುವನ್ನೂ ತಾನು ಈವರೆಗೆ ಮಾಡಿಲ್ಲ. ಆ ಕೊರಗು ಎದೆಯೊಳಗೆ ಸಣ್ಣ ಕಲ್ಲಿನಂತೆ ಕೂತುಬಿಟ್ಟಿತು. ಅದರ ತೂಕವನ್ನು ಮಾತ್ರ ಅವರಿಗೆ ಹೇಳಲಾಗಲಿಲ್ಲ.

ಅದೇ ದಿನಗಳಲ್ಲಿ ಊರಾಚೆಯ ಮೈದಾನದಲ್ಲಿ ಅವರು ಆಟೋಕ್ರಾಸ್ ಎಂಬ ಕಾರು ಪಂದ್ಯ ನೋಡಿದರು. ಅಲ್ಲಿ ಪಕ್ಕಪಕ್ಕದಲ್ಲಿ ಓಡುವ ಕಾರುಗಳಿಲ್ಲ, ಗುದ್ದಾಟವಿಲ್ಲ. ರಬ್ಬರಿನ ಕೋನ್‌ಗಳನ್ನಿಟ್ಟು ಸೊಟ್ಟಂಬಟ್ಟ ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದು ಕಾರು, ಎದುರಾಳಿ ಗಡಿಯಾರ. ಒಂದು ಕೋನ್ ಬಿದ್ದರೆ ಎರಡು ಸೆಕೆಂಡು ದಂಡ. ಸೆಕೆಂಡಿನ ನೂರನೇ ಒಂದು ಭಾಗಕ್ಕೂ ಬೆಲೆ ಕೊಡುವ ಜನರನ್ನು ಕಂಡು ಸಾಹೇಬರ ಕಣ್ಣು ಒದ್ದೆಯಾಯಿತು. ಮುಂದಿನ ತಿಂಗಳೇ ಮನೆಗೆ ಹದಿನಾಲ್ಕು ಪೆಟ್ಟಿಗೆ ಬಂದವು. ಕಿಟ್ ಕಾರು. ಅಂದರೆ, ಬಿಡಿಬಿಡಿಯಾಗಿ ಬರುವ ಕಾರು. ಅದನ್ನು ಇಡಿಯಾಗಿಸುವುದು ಕೊಂಡವರ ಕರ್ಮ.

ಪೆಟ್ಟಿಗೆ ಇಳಿದದ್ದು ಮನೆಯ ಮುಂದಿನ ಶೆಡ್ಡಿನಲ್ಲಿ. ಆ ಶೆಡ್ಡು ಖಾಲಿಯಾಗೇನೂ ಇರಲಿಲ್ಲ. ಅದು ಹೆಂಡತಿಯ ಹೊಲಿಗೆ ಅಂಗಡಿ. ಆಕೆ ಶಾಲೆಗಳಿಗೆ ಸಮವಸ್ತ್ರ ಹೊಲಿದು, ತನ್ನ ಪುಟ್ಟ ವ್ಯಾನಿನಲ್ಲಿ ತಾನೇ ತಲುಪಿಸಿ ಬರುವ ಗಟ್ಟಿಗಿತ್ತಿ. "ಒಂದೇ ತಿಂಗಳು ಕಣೆ" ಎಂದು ಸಾಹೇಬರು ಹೇಳಿದ ಮಾತಿನ ಮೇಲೆ ಹೊಲಿಗೆ ಮೆಷಿನ್ನು ಅಡಿಗೆಮನೆಗೂ ಬಚ್ಚಲಿಗೂ ನಡುವಿನ ಓಣಿಗೆ ಹೋಯಿತು. ಎರಡು ವರ್ಷವಾದರೂ ಅಲ್ಲೇ ಇತ್ತು. ಸ್ನಾನಕ್ಕೆ ಹೋಗುವವರು ಅವಳ ಬೆನ್ನಿಗೂ ಗೋಡೆಗೂ ನಡುವೆ ಹೊಟ್ಟೆ ಒಳಗೆಳೆದುಕೊಂಡು ನುಸುಳಬೇಕು. (ಸಾಹೇಬರ ಹೊಟ್ಟೆ ಒಳಗೆ ಹೋಗುವ ಜಾತಿಯದಲ್ಲ. ಆದ್ದರಿಂದ ಅವರು ಬಚ್ಚಲಿಗೆ ಹೊರಟಾಗಲೆಲ್ಲ ಮೆಷಿನ್ನು ನಿಲ್ಲುತ್ತಿತ್ತು.)

ಶೆಡ್ಡಿನಲ್ಲಿ ಕಾರು ಬೆಳೆಯಿತು, ಬೆಳೆದಂತೆಲ್ಲ ಹಗುರವಾಯಿತು. ಬೋಲ್ಟುಗಳ ತುದಿ ಕತ್ತರಿಸಿದರು. ಕನ್ನಡಿಯ ಹಿಡಿ ಟೊಳ್ಳು ಮಾಡಿದರು. ಸೀಟನ್ನು ಹಿಂದೆ ಮುಂದೆ ಸರಿಸುವ ಕಂಬಿಗಳನ್ನು ಕಿತ್ತು ಸೀಟನ್ನು ನೆಲಕ್ಕೇ ಅಂಟಿನಿಂದ ಅಂಟಿಸಿದರು. ಇಳಿಸಿದ ಒಂದೊಂದು ಗ್ರಾಮೂ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ನೋಟುಬುಕ್ಕಿಗೆ ಏರಿತು. ಎರಡು ವರ್ಷಕ್ಕೆ ಒಟ್ಟು ಹತ್ತೊಂಬತ್ತು ಕಿಲೋ ಆರುನೂರ ನಲವತ್ತು ಗ್ರಾಂ.

"ಇಷ್ಟು ಇಳಿಸೋಕೆ ಎರಡು ವರ್ಷ ಬೇಕಾಯ್ತಾ?" ಎಂದಳು ಹೆಂಡತಿ.

"ತಪಸ್ಸು ಕಣೆ ಇದು. ನಿಂಗೆ ಗೊತ್ತಾಗಲ್ಲ."

"ತಪಸ್ಸು ಮಾಡೋರು ಕಾಡಿಗೆ ಹೋಗ್ತಾರೆ. ನೀವು ನನ್ನ ಶೆಡ್ಡಲ್ಲಿ ಕೂತಿದ್ದೀರಿ."

ಕೊನೆಗೆ ಒಪ್ಪಂದವಾಯಿತು, ಅತ್ತೆಯೇ ಸಾಕ್ಷಿ. ಬರುವ ಭಾನುವಾರದ ಆಟೋಕ್ರಾಸ್‌ನಲ್ಲಿ ಕಾರು ಒಂದು ನಿಮಿಷದೊಳಗೆ ಸುತ್ತು ಮುಗಿಸಿದರೆ ಶೆಡ್ಡು ಕಾರಿಗೆ. ಇಲ್ಲದಿದ್ದರೆ ಕಾರು ಮಾರಾಟಕ್ಕೆ, ಮೆಷಿನ್ನು ಶೆಡ್ಡಿಗೆ. ಸಾಹೇಬರು ಧೈರ್ಯವಾಗಿ ತಲೆಯಾಡಿಸಿದರು. ಆಮೇಲೆ ಶೆಡ್ಡಿಗೆ ಹೋಗಿ ಕಾರಿನ ಮೂತಿಯನ್ನು ಸ್ವಲ್ಪ ಹೊತ್ತು ಸವರಿದರು.

ಶನಿವಾರ ಮಧ್ಯಾಹ್ನ ಉಳಿದಿದ್ದದ್ದು ಸೀಟಿನ ಮೆತ್ತೆಯೊಂದೇ. ಅಲ್ಲಿಯವರೆಗೆ ಸಾಹೇಬರು ಬರಿಯ ತಗಡಿನ ಮೇಲೆ ಗೋಣಿತಟ್ಟು ಹಾಸಿಕೊಂಡು ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿ ನೋಡಿದ್ದರು. ಮೆತ್ತೆ ಮಾಡುವ ವಿದ್ಯೆ ಸ್ವಾರಸ್ಯದ್ದು. ಎರಡು ಡಬ್ಬಿಯ ದ್ರವಗಳನ್ನು ಸಮತೂಕದಲ್ಲಿ ಬೆರೆಸಿ, ಸೀಟಿನಲ್ಲಿಟ್ಟ ಪ್ಲಾಸ್ಟಿಕ್ ಚೀಲದೊಳಗೆ ಥಟ್ಟನೆ ಸುರಿಯಬೇಕು. ಚೀಲದ ಮೇಲೆ ಒಬ್ಬರು ಕೂತಿರಬೇಕು. ನೊರೆ ಉಕ್ಕಿ, ಕೂತವರ ಬೆನ್ನು, ಸೊಂಟ, ತೊಡೆಗಳ ಅಚ್ಚು ಹಿಡಿದು ಗಟ್ಟಿಯಾಗುತ್ತದೆ.

"ನೀವು ಕೂತ್ಕೊಳ್ಳಿ, ನಾನು ಸುರೀತೀನಿ" ಎಂದಳು ಹೆಂಡತಿ.

"ಸಮತೂಕ ಅಂದ್ರೆ ಸಮತೂಕ. ನಿಂದೆಲ್ಲ ಅಂದಾಜು, ಒಂದು ಚಿಟಿಕೆ, ಒಂದು ಹಿಡಿ. ನೀನು ಕೂರು, ನಾನು ಸುರೀತೀನಿ."

"ರೀ, ಹಾಕ್ಕೊಳ್ಳೋರ ಅಳತೆ ತಗೊಳ್ದೆ ನಾನು ಕತ್ತರಿನೇ ಹಿಡಿಯಲ್ಲ."

"ಇದೇನು ಅಂಗಿಯಾ? ಸೀಟು. ಬೆನ್ನು ಅಂದ್ರೆ ಎಲ್ಲರದೂ ಬೆನ್ನೇ."

ಹೆಂಡತಿ ಒಂದು ಗಳಿಗೆ ಗಂಡನ ಮುಖ ನೋಡಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಯಾವ ಮಾತು ಆಡಬೇಕು, ಯಾವುದನ್ನು ಭಾನುವಾರಕ್ಕೆ ಎತ್ತಿಡಬೇಕು ಎಂಬುದು ಅವಳಿಗೆ ಗೊತ್ತಿತ್ತು. ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತಳು. ಕಾರಿನ ಮೂತಿಯಾಚೆ ಏನೂ ಕಾಣುತ್ತಿಲ್ಲ ಎಂದಳು. ಸಾಹೇಬರು ಇನ್ನಷ್ಟು ಸುರಿದರು. ನೊರೆ ಉಕ್ಕಿ ಅವಳನ್ನು ನಾಲ್ಕು ಬೆರಳು ಮೇಲಕ್ಕೆತ್ತಿತು. "ಬೆಚ್ಚಗಿದೆ" ಎಂದು ಅವಳು ನಕ್ಕಳು. ನಾಳೆ ಬೆಳಗಿನವರೆಗೆ ಯಾರೂ ಕೂರಬಾರದೆಂದು ಡಬ್ಬಿಯ ಮೇಲೆ ಬರೆದಿತ್ತು. ಯಾರೂ ಕೂರಲಿಲ್ಲ.

ಭಾನುವಾರ ಕಾರನ್ನು ಟೆಂಪೋದಲ್ಲಿಟ್ಟು ಮೈದಾನಕ್ಕೆ ತಂದರು. ತಾಯಿಗೆ ಮಡಚುವ ಕುರ್ಚಿ ಹಾಕಿ ನೆರಳಲ್ಲಿ ಕೂರಿಸಿದರು. ತಪಾಸಣೆಯವನು ಒಂದು ಮರದ ಪಟ್ಟಿ ಹಿಡಿದು ಬಂದು "ಹೆಲ್ಮೆಟ್ ಹಾಕ್ಕೊಂಡು ಕೂತ್ಕೊಳ್ಳಿ ಸಾರ್" ಎಂದ.

ಸಾಹೇಬರು ಕಾಲಿಟ್ಟರು. ತೊಡೆ ಇಟ್ಟರು. ಅಲ್ಲಿಗೆ ಯಾತ್ರೆ ನಿಂತಿತು. ಅಚ್ಚು ಬಲು ಕರಾರುವಾಕ್ಕಾಗಿತ್ತು. ಅದು ಅವರದಾಗಿರಲಿಲ್ಲ, ಅಷ್ಟೇ. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಉಸಿರು ಬಿಟ್ಟು ಒತ್ತಿದರು. ಒರಳಿನ ಮೇಲೆ ಕುಂಬಳಕಾಯಿ ಇಟ್ಟಂತೆ ಸೀಟಿನ ಮೇಲೆ ಕೂತರೇ ಹೊರತು ಸೀಟಿನೊಳಗೆ ಇಳಿಯಲಿಲ್ಲ. ಮೊಣಕಾಲು ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು.

ತಲೆಯ ಹಿಂದೆ ಒಂದು ಕಬ್ಬಿಣದ ಕಮಾನು ಇತ್ತು, ಕಾರು ಮಗುಚಿದರೆ ತಲೆ ಕಾಯಲಿಕ್ಕೆ. ತಪಾಸಣೆಯವನು ಆ ಕಮಾನಿನಿಂದ ಮೂತಿಯವರೆಗೆ ಪಟ್ಟಿ ಇಟ್ಟು ನೋಡಿದ. ಪಟ್ಟಿ ಸಾಹೇಬರ ಹೆಲ್ಮೆಟ್ಟಿನ ಹಣೆಗೆ ತಾಗಿತು.

"ತಲೆ ಪಟ್ಟಿಗಿಂತ ಕೆಳಗಿರಬೇಕು ಸಾರ್, ಐದು ಬೆರಳು ಮೇಲಿದೆ. ಬಿಡೋಕಾಗಲ್ಲ."

"ಐದು ಬೆರಳಿಗೆಲ್ಲ..." ಎಂದು ಶುರು ಮಾಡಿದ ಸಾಹೇಬರು ಅಲ್ಲೇ ನಿಲ್ಲಿಸಿದರು. ಐದು ಗ್ರಾಮಿಗೆ ಅಂಗಡಿಗಳಿಗೆ ಬೀಗ ಹಾಕಿಸಿದ ನಾಲಿಗೆ ಮುಂದಕ್ಕೆ ಹೊರಳಲಿಲ್ಲ.

"ತಲೆಗೂ ನಾಲ್ಕು ತೂತು ಕೊರೀರಿ, ಇಳಿಯುತ್ತೇನೋ" ಎಂದಳು ಹೆಂಡತಿ ಮೆಲ್ಲಗೆ.

ಮೆತ್ತೆ ಕಿತ್ತುಹಾಕೋಣವೇ ಎಂದರೆ ಅದು ಚೀಲದ ತಳ ಹರಿದು ಸೀಟಿಗೆ ಕಚ್ಚಿಕೊಂಡಿತ್ತು; ಸೀಟು ನೆಲಕ್ಕೆ. ಕಂಬಿ ಇದ್ದಿದ್ದರೆ ಸೀಟನ್ನೇ ಬಿಚ್ಚಿ ತೆಗೆಯಬಹುದಿತ್ತು. ಕಂಬಿ ನೋಟುಬುಕ್ಕಿನಲ್ಲಿತ್ತು: ಮೂರು ಕಿಲೋ ಇನ್ನೂರು ಗ್ರಾಂ.

"ಈ ಅಚ್ಚು ಯಾರದು ಸಾರ್?" ತಪಾಸಣೆಯವನು ಕೇಳಿದ. "ಹೆಸರು ಬದಲಾಯಿಸೋಕೆ ಇನ್ನೂ ಹತ್ತು ನಿಮಿಷ ಇದೆ. ಅವರಿಗೆ ಲೈಸೆನ್ಸ್ ಇದ್ರೆ ಸಾಕು."

ಸಾಹೇಬರು ಹೆಂಡತಿಯನ್ನು ನೋಡಿದರು. ಅವಳು ವ್ಯಾನಿನ ಕೀಲಿಗೊಂಚಲನ್ನು ಆಗಲೇ ಅತ್ತೆಯ ಕೈಗೆ ಕೊಟ್ಟಾಗಿತ್ತು.

ಅವಳು ಆ ಸೀಟಿನೊಳಗೆ ಇಳಿದದ್ದು, ನೀರಿಗೆ ಬಿಂದಿಗೆ ಇಳಿದ ಹಾಗೆ. ಪಟ್ಟಿ ಹೆಲ್ಮೆಟ್ಟಿನ ಮೇಲೆ ಎರಡು ಬೆರಳು ಜಾಗ ಬಿಟ್ಟು ನಿಂತಿತು. "ಸರಿಯಾಗಿದೆ" ಎಂದ ತಪಾಸಣೆಯವನು. ಎರಡು ವರ್ಷದಿಂದ ಕೇಳಲು ಕಾದಿದ್ದ ಮಾತು ಸಾಹೇಬರ ಕಿವಿಗೆ ಬಿತ್ತು. ಅದು ಇಂಥ ಹೊತ್ತಿನಲ್ಲಿ ಬರುತ್ತದೆಂದು ಮಾತ್ರ ಅವರು ಎಣಿಸಿರಲಿಲ್ಲ.

ಒಬ್ಬರಿಗೆ ಮೂರು ಸುತ್ತು. ಮೊದಲ ಸುತ್ತಿಗೆ ಒಂದು ನಿಮಿಷ ಒಂಬತ್ತು ಸೆಕೆಂಡು. ಎರಡನೆಯದಕ್ಕೆ ಒಂದು ನಿಮಿಷ ಒಂದೂವರೆ. ಒಂದು ಕೋನೂ ಬೀಳಲಿಲ್ಲ. ಸಾಹೇಬರು ಓಡಿಹೋಗಿ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ನಿಧಾನವಾಗಿ ಹೋದರೆ ಅವಳ ಶೆಡ್ಡು ಅವಳಿಗೆ. ಆಕ್ಸಿಲರೇಟರ್ ಅವಳ ಕಾಲಡಿಯಲ್ಲೇ ಇತ್ತು.

"ಇವಳೇ, ಅವಸರ ಬೇಡ. ಶೆಡ್ಡು ನಿಂದೇ. ನಾನು ಜಾಸ್ತಿ ದಿನ ಇಟ್ಕೊಂಡುಬಿಟ್ಟೆ."

ಅವಳು ಹೆಲ್ಮೆಟ್ಟಿನೊಳಗಿಂದ ಅವರನ್ನೇ ನೋಡಿದಳು. "ಅದಿರ್ಲಿ. ಆ ಮೂಲೆ ತಿರುವಲ್ಲಿ ನಾನು ಕಾಲು ತಡವಾಗಿ ಎತ್ತುತಾ ಇದ್ದೀನಿ. ಕಾಲರ್ ಹೊಲಿಯೋವಾಗ ಹೇಗೆ? ತಿರುವಿಗೆ ಮುಂಚೆನೇ ಪೆಡಲು ಸಡಿಲ ಬಿಡಬೇಕು, ಬಟ್ಟೆ ತಾನೇ ತಿರುಗುತ್ತೆ, ಆಮೇಲೆ ಒತ್ತಬೇಕು. ಈ ಕಾರು ಹೇಳಿದ ಮಾತು ಕೇಳುತ್ತೆ ರೀ. ಚೆನ್ನಾಗಿ ಮಾಡಿದ್ದೀರಿ."

ಸಾಹೇಬರು ಕಾರಿನ ಮೂತಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಏನಾದರೂ ಹೇಳುವಷ್ಟರಲ್ಲಿ ಬಾವುಟ ಇಳಿಯಿತು.

ಅವರು ಹಿಂದೆ ಸರಿದು ತಾಯಿಯ ಕುರ್ಚಿಯ ಹಿಂದೆ ನಿಂತರು. ಕಾರು ಕೋನ್‌ಗಳ ನಡುವೆ ಸೂಜಿಯ ಹಾಗೆ ಒಳಗೆ ಹೊರಗೆ ಓಡುತ್ತಿತ್ತು. ದೂರದ ನೋಟ ಮಬ್ಬಾಗಿದ್ದ ತಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ಪಕ್ಕದವರಿಗೆಲ್ಲ ಕೇಳುವಂತೆ ಹೇಳಿದರು: "ನೋಡಿ, ನನ್ನ ಮಗ ಎಷ್ಟು ನಾಜೂಕಾಗಿ ಓಡಿಸ್ತಾನೆ."

"ಅಮ್ಮ, ನಾನು ಇಲ್ಲೇ ಇದ್ದೀನಿ."

ತಾಯಿ ತಿರುಗಿ ನೋಡಿದರು. "ಹೌದಾ? ಮತ್ತೆ ಅದು ಯಾರು?"

"ನಿನ್ನ ಸೊಸೆ."

"ಅದಕ್ಕೇ ಮತ್ತೆ. ನೀನು ನಮ್ಮ ಗೇಟಿಗೇ ಎರಡು ಸಲ ಗುದ್ದಿದ್ದೆಯಲ್ಲ, ಇಷ್ಟರಲ್ಲಿ ಹೇಗೆ ಕಲಿತ ಅಂದ್ಕೊಂಡೆ."

ಗಡಿಯಾರ ಐವತ್ತೆಂಟು ಸೆಕೆಂಡಿಗೆ ನಿಂತಿತು. ಹೊಸಬರ ವಿಭಾಗದಲ್ಲಿ ಮೂರನೆಯ ಸ್ಥಾನ. ಧ್ವನಿವರ್ಧಕದವನು ಅವಳ ಹೆಸರು ಕೂಗಿ, 'ಜೊತೆಗೆ ಅವರ ಮೆಕ್ಯಾನಿಕ್' ಎಂದು ಸೇರಿಸಿದ. ಸಾಹೇಬರು ಅಕ್ಕಪಕ್ಕ ನೋಡಿ, ಬೇರೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೈ ಎತ್ತಿದರು.

ಸಂಜೆ ಮನೆಗೆ ಬಂದು ಕಾರನ್ನು ಶೆಡ್ಡಿಗೆ ತಳ್ಳುತ್ತ ಅವರು ಕೇಳಿದರು. "ಒಂದು ನಿಮಿಷದೊಳಗೆ ಬಂತು. ಮಾತಿನ ಪ್ರಕಾರ ಶೆಡ್ಡು ಕಾರಿಗೆ, ಅಲ್ವಾ?"

"ಕಾರಿಗೇ. ಆದ್ರೆ ಕಾರು ಯಾರದು ಅಂತ ಸೀಟು ನೋಡಿದ್ರೆ ಗೊತ್ತಾಗುತ್ತೆ. ನನ್ನ ಕಾರು ಈ ಕಡೆ, ನನ್ನ ಮೆಷಿನ್ನು ಆ ಕಡೆ. ನಿಮ್ಮ ಸ್ಪಾನರು ಪೆಟ್ಟಿಗೆಗಳಿಗೆ ಬಚ್ಚಲ ಓಣಿ ಈಗ ಖಾಲಿ ಇದೆ."

ಸಾಹೇಬರು ಓಣಿಯಲ್ಲಿ ಸ್ಟೂಲು ಹಾಕಿಕೊಂಡು ನೋಟುಬುಕ್ಕು ತೆರೆದರು. ಪಟ್ಟಿಯ ಕೊನೆಗೆ ಅಡ್ಡಗೆರೆ ಎಳೆದಾಗಿತ್ತು: ಎರಡು ವರ್ಷ, ಹತ್ತೊಂಬತ್ತು ಕಿಲೋ ಆರುನೂರ ನಲವತ್ತು ಗ್ರಾಂ. ಅವರು ನೋಟುಬುಕ್ಕನ್ನು ಮುಚ್ಚಲು ಹೊರಟರು. ಆದರೆ ಕೆಲಸ ಕೆಲಸವೇ. ತೂಕದ ವಿಷಯದಲ್ಲಿ ಅವರು ಯಾರಿಗೂ ರಿಯಾಯಿತಿ ಕೊಟ್ಟವರಲ್ಲ. ಎದ್ದುಹೋಗಿ ಮೈತೂಕದ ಯಂತ್ರದ ಮೇಲೆ ನಿಂತು ಬಂದರು, ಹೆಂಡತಿಯನ್ನೂ ಕರೆದು ನಿಲ್ಲಿಸಿದರು. ಗೆರೆಯ ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದರು:

'ಭಾನುವಾರ. ಗಂಡನನ್ನು ಇಳಿಸಿ ಹೆಂಡತಿಯನ್ನು ಕೂರಿಸಿದ್ದರಿಂದ ಇಳಿದ ತೂಕ: ಮೂವತ್ತನಾಲ್ಕು ಕಿಲೋ ಇನ್ನೂರು ಗ್ರಾಂ. ತಗುಲಿದ ಸಮಯ: ಹತ್ತು ನಿಮಿಷ.'

ಹೆಂಡತಿ ಭುಜದ ಮೇಲಿಂದ ಬಗ್ಗಿ ಓದಿದಳು. ಕೊರಳಲ್ಲಿದ್ದ ಅಳತೆಪಟ್ಟಿಯನ್ನು ತೆಗೆದು ಗಂಡನ ಸೊಂಟಕ್ಕೆ ಸುತ್ತತೊಡಗಿದಳು.

"ಇದ್ಯಾಕೆ ಈಗ?"

"ಮುಂದಿನ ಭಾನುವಾರಕ್ಕೆ ಮೆಕ್ಯಾನಿಕ್ಕಿಗೆ ಒಂದು ಕೋಟು ಬೇಡ್ವಾ? ಉಸಿರು ಬಿಗಿಹಿಡೀಬೇಡಿ ರೀ, ನಿಜವಾದ ಅಳತೆ ಬೇಕು."

ಗ್ರಾಂ ಸಾಹೇಬರು ಉಸಿರು ಬಿಟ್ಟರು. ಪಟ್ಟಿ ಸಾಲಲಿಲ್ಲ.