ಎಲ್ಲರಿಗೂ ಆದೆಮ್ಮನ ಅಳತೆ

“ಇನ್ನೊಂದು ತಿಂಗಳು ತಡಿ ಶಾಹೀನ್! ನಿನ್ನ ಹೊಲಿಗಿ ಮಷೀನು ಇಂಟರ್‌ನೆಟ್‌ನ್ಯಾಗ ಇರ್ತೈತಿ!” ಎಂದು ನಾಸೀರ್ ಎದೆ ತಟ್ಟಿ ಘೋಷಿಸಿದಾಗ ಅವನ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಮೊದ್ಲು ಅದಕ್ಕೊಂದು ಬೆಲ್ಟ್ ಹಾಕಿಸ್ರಿ. ಹರದು ಯಾವ ಕಾಲ ಆತು.”

ಮಸ್ಕಿಯ ಆ ಓಣಿಯಲ್ಲಿ ಶಾಹೀನಳ ಹೊಲಿಗೆಗೆ ಒಳ್ಳೆಯ ಹೆಸರಿತ್ತು. ನಾಸೀರನ ಯೋಜನೆಗಳಿಗೂ ಹೆಸರಿತ್ತು, ಆದರೆ ಅದು ಬೇರೆ ಥರದ ಹೆಸರು. ಸಿಂಧನೂರಿನ ರೈಸ್ ಮಿಲ್ಲೊಂದರ ತೂಕದ ಕಾಟಾದ ಮೇಲೆ ಗುಮಾಸ್ತನಾಗಿದ್ದ ಈ ಮಹಾಶಯ, ಹಿಂದೊಮ್ಮೆ ಕೋಳಿಮರಿ ಮಾಡುವ ಕರೆಂಟಿನ ಪೆಟ್ಟಿಗೆ ತಯಾರಿಸಲು ಹೋಗಿ ಇಡೀ ಓಣಿಗೆ ಬೇಯಿಸಿದ ಮೊಟ್ಟೆ ಹಂಚಿದ್ದ! ಈಗ ವೆಬ್‌ಸೈಟಿನ ಸರದಿ. ಹಟ್ಟಿಯ ಚಿನ್ನದ ಗಣಿ ಕಂಪನಿಯ ಕ್ವಾರ್ಟರ್ಸಿನ ಹೆಂಗಸರು ಮನೆಯಲ್ಲೇ ಕೂತು ಗುಂಡಿ ಒತ್ತಬೇಕು, ಮಸ್ಕಿಯಲ್ಲಿ ಜಂಪರ್, ಅಂದರೆ ರವಿಕೆ, ಸಿದ್ಧವಾಗಬೇಕು. ಅದು ಅವನ ಕನಸು.

ವಿದ್ಯಾಭ್ಯಾಸ ನಡೆದದ್ದು ಬಸ್ಸಿನಲ್ಲಿ. ಮಸ್ಕಿಯಿಂದ ಸಿಂಧನೂರಿಗೆ ಹೋಗುವಾಗ ಒಂದು ವಿಡಿಯೊ ಪಾಠ, ಬರುವಾಗ ಒಂದು. ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಪಾಠ ಒಪ್ಪಿಸುತ್ತಿದ್ದ.

“ಡಾಟಾಬೇಸ್ ಅಂದ್ರ ಒಂದು ಅಲಮಾರಿ. ಅದರಾಗ ಖಾನೆ. ಒಂದೊಂದು ಗಿರಾಕಿಗೆ ಒಂದೊಂದು ಖಾನೆ. ಹೆಸರು, ಎದಿ, ಸೊಂಟ, ತೋಳು, ಎಲ್ಲಾ ಅಲ್ಲೇ!”

“ಅಲಮಾರಿ ನಮ್ಮನ್ಯಾಗ ಐತಲ್ರೀ?”

“ಅದು ಕಬ್ಬಿಣದ್ದು. ಇದಕ್ಕ ಬುದ್ಧಿ ಐತಿ!”

“ಹಂಗಂದ್ರ ಈ ಮನ್ಯಾಗ ನನಗೊಂದು ಜೋಡಿ ಆತು ಅನ್ರಿ.”

ಆ ಕಬ್ಬಿಣದ ಅಲಮಾರಿಯ ತುಂಬ ಅಳತಿ ಜಂಪರುಗಳಿದ್ದವು. ಈ ಕಡೆ ಹೆಂಗಸರು ಟೇಪಿಗೆ ಮೈ ಒಡ್ಡಿ ನಿಲ್ಲುವುದು ಕಡಿಮೆ. ಮೈಗೆ ಸರಿಯಾಗಿ ಕೂತ ಹಳೆಯದೊಂದು ಜಂಪರ್ ತಂದು ಎಸೆದು, “ಇದರಂಗ ಹೊಲಿ” ಅಂದರೆ ಮುಗಿಯಿತು. ನಾಸೀರ್ ಅವನ್ನೆಲ್ಲ ಹಾಸಿ, ಅಳೆದು, ಕಂಪ್ಯೂಟರಿಗೆ ಏರಿಸಿದ. ಪರೀಕ್ಷೆಗೆಂದು ಮೊದಲ ಖಾನೆಯಲ್ಲಿ ತನ್ನನ್ನೇ ಕೂರಿಸಿಕೊಂಡ. ಗಿರಾಕಿ ನಂಬರ್ ಒಂದು, ನಾಸೀರ್, ಎದೆ ಮೂವತ್ತನಾಲ್ಕು! ಆಮೇಲೆ ಜಂಪರುಗಳನ್ನೆಲ್ಲ ಆಯಾ ಮನೆಗೆ ವಾಪಸು ಕಳಿಸಿಬಿಟ್ಟ.

ಶಾಹೀನಳಿಗೆ ಜೀವ ತಡೆಯಲಿಲ್ಲ. “ಒಂದೆರಡಾದ್ರೂ ಇರಲಿ ಬಿಡ್ರಿ.”

“ಹಳೇ ಕಾಲ ಹೋತು ಶಾಹೀನ್!”

ಅಲಮಾರಿ ಖಾಲಿಯಾಯಿತು. ಫೋನಿನಲ್ಲಿ ಹೆಸರು ಒತ್ತಿದರೆ ಅಳತೆ ಟಣ್ಣನೆ ಬಂದು ನಿಲ್ಲತೊಡಗಿತು. ಶಾಹೀನ್ ನಾಲ್ಕು ಸಲ ಒತ್ತಿ ನೋಡಿ, “ಭೇಷ್ ರೀ” ಅಂದಳು. ಮದುವೆಯಾದಾಗಿನಿಂದ ಅವಳ ಬಾಯಿಂದ ಆ ಮಾತು ಕೇಳಿರಲಿಲ್ಲ ನಾಸೀರ್. ಅವತ್ತು ಊಟ ಸೇರಲಿಲ್ಲ, ಅಷ್ಟು ಸಂತೋಷ.

ಅದೇ ವಾರ ಮುಕ್ಕುಂದದ ಆದೆಮ್ಮನ ಮನೆಯಿಂದ ಬಟ್ಟೆಯ ಗಂಟು ಬಂತು. ಮಗಳು ಹುಲಿಗೆಮ್ಮನ ಮದುವೆ, ಮನೆಯ ಹೆಂಗಸರಿಗೆಲ್ಲ ಜಂಪರ್ ಆಗಬೇಕು. ಗಂಟಿನ ಜೊತೆ ಬಂದ ಅಳತಿ ಜಂಪರುಗಳನ್ನೂ ನಾಸೀರ್ ಅಳೆದು, ಕಂಪ್ಯೂಟರಿಗೆ ಏರಿಸಿ, ತಂದ ಆಳಿನ ಕೈಯಲ್ಲೇ ವಾಪಸು ಕಳಿಸಿದ. ಆದೆಮ್ಮ ಅಂದರೆ ಊರಿಗೆ ದೊಡ್ಡ ಹೆಂಗಸು. ಮಾತೂ ದೊಡ್ಡದು, ಮನಸ್ಸೂ ದೊಡ್ಡದು, ಆಳೂ ದೊಡ್ಡ ಆಳು. ಇಷ್ಟು ವರ್ಷ ಆ ಮನೆಯ ಮದುವೆಯ ಹೊಲಿಗೆ ಸಿಂಧನೂರು ಬಿಟ್ಟು ಬೇರೆಡೆ ಹೋದದ್ದಿಲ್ಲ.

“ಇದೊಂದು ಚಂದ ಆಗ್ಲಿ ರೀ. ಆಮ್ಯಾಲೆ ನನ್ನ ಯಾರೂ ಓಣಿ ಟೇಲರ್ ಅನ್ನಂಗಿಲ್ಲ,” ಎಂದಳು ಶಾಹೀನ್. ನಾಸೀರನಿಗೂ ಒಂದು ಅಂಗಿ ಬಟ್ಟೆ ತೆಗೆದಿಟ್ಟಳು. ಮದುವೆಗೆ ಹೋಗುವುದಲ್ಲವೇ!

ಅಷ್ಟರಲ್ಲಿ ಲಿಂಗಸುಗೂರಿನಲ್ಲಿ ಅವಳ ತಾಯಿಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು. ಜೊತೆಯಲ್ಲಿ ಹೊಲಿಯುವ ಜಮೀಲಾಬೀಗೆ, “ಫೋನ್‌ನ್ಯಾಗ ಅಳತಿ ಅದಾವ, ನೋಡಿ ಕತ್ತರಸು” ಎಂದು ಹೇಳಿ ಬಸ್ ಹತ್ತಿದಳು. ಅತ್ತ ಬಸ್ ಹೋಯಿತು, ಇತ್ತ ಆದೆಮ್ಮನ ಫೋನ್ ಬಂತು.

“ನಂದು ಎದಿ ಒಂಚೂರು ಸಡ್ಲ ಇರಲೆಪ್ಪ. ಮದುವಿ ಮನಿ, ಉಣ್ಣೋದು ತಿನ್ನೋದು ಇರ್ತೈತಿ. ನಲವತ್ತಾರು ಮಾಡು.”

ಆದೆಮ್ಮನ ಹೆಸರು ಒತ್ತಿ ಅಂಕಿ ತಿದ್ದಿದ್ದರೆ ಆಗಿಹೋಗುತ್ತಿತ್ತು. ಆದರೆ ನಾಸೀರನಂಥ ಪಂಡಿತನಿಗೆ ಅಂಥ ಚಿಲ್ಲರೆ ಕೆಲಸವೇ? ನೇರವಾಗಿ ಡಾಟಾಬೇಸಿಗೇ ಆಜ್ಞೆ ಕೊಡುವ ಪಾಠ ಅವನು ಮೊನ್ನೆಯಷ್ಟೇ ಕಲಿತಿದ್ದ. ಸಿಂಧನೂರಿನ ದಾರಿಯಲ್ಲಿ ಒಂದು ಕಡೆ ಸಿಗ್ನಲ್ ಸತ್ತುಹೋಗುತ್ತದೆ. ವಿಡಿಯೊದ ಮಾಸ್ತರು, “ಆಜ್ಞೆ ಕೊಡುವಾಗ ಒಂದು ಮಾತು ಮಾತ್ರ ಮರೆಯಬೇಡಿ...” ಎಂದು ಬೆರಳೆತ್ತಿದ್ದೇ ತಡ, ಫೋನಿನ ಪರದೆಯ ಮೇಲೆ ಚಕ್ರ ತಿರುಗತೊಡಗಿತ್ತು. ಸಿಗ್ನಲ್ ಮರಳಿದಾಗ ಮಾಸ್ತರು, “ಇಷ್ಟಾದರೆ ನೀವು ಗೆದ್ದಂತೆ!” ಎನ್ನುತ್ತಿದ್ದರು. ಒಂದೇ ಮಾತಲ್ಲವೇ, ಹೋಗಲಿ ಬಿಡು ಅಂದುಕೊಂಡಿದ್ದ ನಾಸೀರ್.

ಈಗ ಅಂಗಿಯ ತೋಳು ಮಡಿಸಿ ಕೂತ. ಎದೆಯನ್ನು ನಲವತ್ತಾರು ಮಾಡು! ಎಂದು ಇಂಗ್ಲಿಷಿನಲ್ಲಿ ಆಜ್ಞೆ ಕುಟ್ಟಿದ. ಕಂಪ್ಯೂಟರು ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಟ್ಟಿತು. ಕೆಲಸ ಆಯಿತು, ನೂರಾರು ಸಾಲು ಬದಲಾದವು! ನಾಸೀರ್ ಕುರ್ಚಿಯಿಂದ ಎದ್ದೇಬಿಟ್ಟ.

“ನೋಡು ಜಮೀಲಾಬೀ! ಹೇಳಿದ್ದು ಒಂದು ಕೆಲಸ, ಮಾಡಿದ್ದು ನೂರು! ಇಂಥ ಆಳು ಎಲ್ಲಿ ಸಿಗ್ತಾನ?”

ಮರುದಿನ ಜಮೀಲಾಬೀ ಕತ್ತರಿ ಹಿಡಿದು ಬಂದು ನಿಂತಳು. “ಭಾಯಿ, ಮುಕ್ಕುಂದದವ್ರು ಎಲ್ಲಾರದೂ ನಲವತ್ತಾರು ಬಂದೈತಿ. ಮದುಮಗಳದೂ ಅಷ್ಟೇ.”

ಆ ಒಂದು ಗಳಿಗೆ ನಾಸೀರ್ ತಿರುಗಿ ನೋಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ನಕ್ಕ. “ಒಂದ ಮನಿ ಹೆಂಗಸರು ಜಮೀಲಾಬೀ, ಒಂದ ಅಡಿಗಿ ಉಣ್ತಾರ. ಮೈಕಟ್ಟೂ ಒಂದ ಇರ್ತೈತಿ. ಡಾಟಾಬೇಸ್ ಸುಳ್ಳು ಹೇಳಂಗಿಲ್ಲ, ನೀ ಕತ್ತರಸು!”

ಜಮೀಲಾಬೀ ಕತ್ತರಿಸಿದಳು. ಕತ್ತರಿಸಿದ್ದನ್ನು ಹೊಲಿದಳು. ಹೊಲಿದದ್ದನ್ನು ಇಸ್ತ್ರಿ ಮಾಡಿ ಸಾಲಾಗಿ ಜೋಡಿಸಿಯೂ ಇಟ್ಟಳು.

ಶಾಹೀನ್ ಲಿಂಗಸುಗೂರಿನಿಂದ ಬಂದಾಗ ಮದುವೆಗೆ ನಾಲ್ಕು ದಿನ ಉಳಿದಿತ್ತು. ಕಡ್ಡಿಯಂಥ ಹುಡುಗಿ ಹುಲಿಗೆಮ್ಮನ ರೇಷ್ಮೆ ಜಂಪರ್ ಎತ್ತಿ ಹಿಡಿದಳು. ಅದು ಬಿಚ್ಚಿಕೊಂಡಿತು, ಇನ್ನೂ ಬಿಚ್ಚಿಕೊಂಡಿತು.

“ಏನ್ರೀ ಇದು? ಇದರಾಗ ಮದುಮಗಳ ಜೋಡಿ ಮದುಮಗನೂ ಕೂಡ್ತಾನ!”

ನಾಸೀರ್ ಓಡಿಹೋಗಿ ಫೋನ್ ತೆಗೆದ. ಹುಲಿಗೆಮ್ಮ ನಲವತ್ತಾರು. ಅವಳ ಚಿಕ್ಕಮ್ಮ ನಲವತ್ತಾರು. ಮಸ್ಕಿಯ ಶಾಲೆಯ ಟೀಚರ್ ನಲವತ್ತಾರು. ಒಂದನೇ ಕ್ಲಾಸು ಓದುವ ಅವರ ಮಗಳೂ ನಲವತ್ತಾರು! ಹಳೆಯ ಪಾಠ ಮತ್ತೆ ಹಚ್ಚಿದ. ಮನೆಯಲ್ಲಿ ಸಿಗ್ನಲ್ ಭರ್ಜರಿ ಇತ್ತು. ಮಾಸ್ತರು ಬೆರಳೆತ್ತಿ ಸ್ಪಷ್ಟವಾಗಿ ಹೇಳಿದರು: “ಒಂದು ಮಾತು ಮಾತ್ರ ಮರೆಯಬೇಡಿ. ಯಾರದು ಅಂತ ಹೇಳಲೇಬೇಕು. ಯಾರದು ಅಂತ ಹೇಳದಿದ್ದರೆ ಎಲ್ಲರದೂ ಬದಲಾಗುತ್ತದೆ!”

ಶಾಹೀನ್ ಬೈಯಲಿಲ್ಲ. ಆ ಮನೆಯಲ್ಲಿ ಜಗಳ ದಖ್ಖನಿ ಉರ್ದುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುವುದು ವಾಡಿಕೆ. ಅವತ್ತು ಎರಡೂ ಭಾಷೆ ಹೊರಡಲಿಲ್ಲ. ಖಾಲಿ ಅಲಮಾರಿಯ ಬಾಗಿಲು ತೆರೆದು, ಮುಚ್ಚಿ, “ಒಂದ್ಸಲ ನಿಮ್ಮನ್ನ ನಂಬಿದ್ದೆ ರೀ” ಅಂದಳು. ಬೈದಿದ್ದರೆ ನಾಸೀರ್ ಉಂಡು ಮಲಗುತ್ತಿದ್ದ. ಈ ಮಾತು ಕರುಳಿಗೇ ತಾಗಿತು.

“ಅಳತಿ ಜಂಪರ್ ತಿರುಗಿ ತರ್ತೀನಿ! ಆದೆಮ್ಮಗ ಸುಳಿವೂ ಸಿಗಬಾರದು, ಹಂಗ ತರ್ತೀನಿ!” ಎಂದು ಶಪಥ ಮಾಡಿ, ಬೆಳಗಾಗುತ್ತಲೇ ಮುಕ್ಕುಂದಕ್ಕೆ ಬೈಕ್ ಬಿಟ್ಟ.

ಪುಣ್ಯಕ್ಕೆ ಆದೆಮ್ಮ ಲಗ್ನಪತ್ರಿಕೆ ಹಂಚಲು ಹೋಗಿದ್ದಳು. ಕಟ್ಟೆಯ ಮೇಲೆ ಅವಳ ಅತ್ತೆ ಹಂಪಮ್ಮ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ನಾಸೀರನ ಗುರುತು ಅವಳಿಗಿಲ್ಲ.

“ಅಮ್ಮಾ, ಮನ್ಯಾಗ ಹಳೇ ಜಂಪರ್ ಅದಾವೇನ್ರಿ?”

“ಅದಾವ. ಏನ್ ಕೊಡ್ತಿ?”

“ಏನ್ ಕೊಡ್ತಿ ಅಂದ್ರ?”

“ಮತ್ತ ಪುಕ್ಕಟೆ ಒಯ್ತೀಯೇನು? ಹೋದ ಸಲ ಬಂದವ ಸ್ಟೀಲ್ ಡಬ್ಬಿ ಕೊಟ್ಟ ಹೋಗ್ಯಾನ. ನೀ ನೀರಿನ ಕೊಡ ಕೊಡು. ಮದುವಿ ಮನಿ, ಬೇಕಾಗ್ತೈತಿ.”

ಹಳೇ ಬಟ್ಟೆಗೆ ಪಾತ್ರೆ ಕೊಡುವವನು ಎಂದುಕೊಂಡಿದ್ದಳು ಮುದುಕಿ! ಅಲ್ಲ ಅನ್ನೋಣವೆಂದರೆ ನಿಜ ಹೇಳಬೇಕು. ನಿಜ ಹೇಳಿದರೆ ಹೊಲಿಗೆ ಸಿಂಧನೂರಿನ ಪಾಲು. ನಾಸೀರ್, “ಹೂಂ ರೀ, ಕೊಡಾನೇ ತರ್ತೀನಿ” ಅಂದ. ಸಿಂಧನೂರಿಗೆ ಹೋಗಿ, ಬೈಕಿನ ಎರಡೂ ಕಡೆ ಸ್ಟೀಲ್ ಕೊಡ ಕಟ್ಟಿಕೊಂಡು, ಟಣಟಣ ಎನ್ನುತ್ತ ಮರಳಿ ಬಂದ. ಹಂಪಮ್ಮ ಕೊಡ ಇಳಿಸಿಕೊಂಡು ಹಳೇ ಜಂಪರುಗಳನ್ನು ಕೊಟ್ಟಳು. ಅಷ್ಟರಲ್ಲಿ ಆ ಸದ್ದಿಗೆ ಓಣಿಯ ಬಾಗಿಲೆಲ್ಲ ತೆರೆದವು.

“ಏ ಪಾತ್ರಿಯಣ್ಣ, ಈ ಕೌದಿಗೆ ಏನ್ ಬರ್ತೈತಿ?”

“ನಮ್ಮ ಹಿರೇರ ಧೋತ್ರ ಅದಾವ, ಒಂದು ಬಕೀಟು ಬರೂದಿಲ್ಲೇನು?”

“ಸ್ವಲ್ಪ ಹರದಾವ, ಆದ್ರ ಅರಿವಿ ಗಟ್ಟಿ ಅದಾವ ನೋಡು!”

ಬೇಡ ಬೇಡವೆಂದರೂ ಬಿಡಲಿಲ್ಲ. ಸಂಜೆ ಮಸ್ಕಿಗೆ ಬಂದಾಗ ಬೈಕಿನ ಮೇಲೆ ಆಳೆತ್ತರದ ಗಂಟು, ಅದರ ಮುಂದೆ ಎಲ್ಲೋ ಒಂದು ಕಡೆ ನಾಸೀರ್. ಗೆದ್ದ ಸರದಾರನ ಗತ್ತಿನಲ್ಲಿ ಗಂಟು ಕೆಡವಿದ. ಶಾಹೀನಳ ಮುಖ ಒಂದಿಷ್ಟು ಅರಳಿತು. ಮೇಲಿನ ಜಂಪರ್ ಎತ್ತಿ ಕೇಳಿದಳು.

“ಇದು ಯಾರದ್ರೀ?”

ನಾಸೀರ್ ಗಂಟಿನ ಹಗ್ಗ ಸುತ್ತತೊಡಗಿದ. ಅವಳು ಇನ್ನೊಂದು ಎತ್ತಿದಳು.

“ಇದು?... ಇದು ಯಾರದು?... ರೀ, ಯಾರದು ಅಂತ ಕೇಳಲೇ ಇಲ್ಲೇನು?”

ವಿಡಿಯೊದ ಮಾಸ್ತರು ಗಂಟಿನ ಮೇಲೆ ಕೂತು ಬೆರಳೆತ್ತಿದಂತಾಯಿತು ಅವನಿಗೆ.

ಶಾಹೀನ್ ಗಂಟನ್ನು ಪಕ್ಕಕ್ಕೆ ತಳ್ಳಿದಳು. ಫೋನ್ ಎತ್ತಿ ಆದೆಮ್ಮನಿಗೆ ಕಂಪ್ಯೂಟರಿನ ಕತೆಯನ್ನೆಲ್ಲ ಇದ್ದದ್ದು ಇದ್ದಂತೆ ಹೇಳಿಬಿಟ್ಟಳು. ಗಂಟು ಕೆಡವುವಾಗ ನಾಸೀರ್ ಹೇಳಿದ್ದ ಸ್ಟೀಲ್ ಕೊಡಗಳ ವಿಷಯ ಮಾತ್ರ ನುಂಗಿಕೊಂಡಳು. ನಾಸೀರ್ ಬಾಗಿಲ ಕಡೆ ಸರಿದ. ಆ ಕಡೆಯಿಂದ ಫೋನು ನಡುಗುವಷ್ಟು ನಗು.

“ಎಲ್ಲಾರಿಗೂ ನನ್ನ ಅಳತೀನಾ! ಅಯ್ಯ, ದೊಡ್ಡದಾದ್ರ ಹಿಡೀಬಹುದಲ್ಲ ತಂಗಿ? ಸಣ್ಣದಾಗಿದ್ರ ಅಳಬೇಕಿತ್ತು. ಮಷೀನ್ ಹೇರ್ಕೊಂಡ್ ಇಲ್ಲಿಗೇ ಬಾ, ಒಬ್ಬೊಬ್ಬರ ಮೈಮ್ಯಾಲೆ ಇಟ್ಟು ಹಿಡಿದು ಕೊಡು.”

ಮರುದಿನ ಮಷೀನು, ಶಾಹೀನ್, ಜಮೀಲಾಬೀ ಗೂಡ್ಸ್ ಆಟೊ ಏರಿ ಮುಕ್ಕುಂದಕ್ಕೆ ಹೋದರು. ನಾಸೀರನಿಗೆ ಅದೇ ದಿನ ಮಿಲ್ಲಿನಲ್ಲಿ ಬಲು ಜರೂರು ಕೆಲಸ ಬಂತು! ಹೆಂಗಸರಿಬ್ಬರೂ ಬೆನ್ನು ಬಿದ್ದುಹೋಗುವ ತನಕ ಹೊಲಿಗೆ ಬಿಚ್ಚಿದರು, ಹಿಡಿದರು, ಮತ್ತೆ ಹೊಲಿದರು. ಮೈಮೇಲೆ ಇಟ್ಟೇ ಹೊಲಿದದ್ದಕ್ಕೋ ಏನೋ, ಒಂದೊಂದು ಜಂಪರೂ ಅಚ್ಚು ಹಾಕಿದಂತೆ ಕೂತಿತು.

ಮದುವೆಯ ಬೆಳಿಗ್ಗೆ ಶಾಹೀನ್ ಗಂಡನ ಕೈಗೆ ಹೊಸ ಅಂಗಿ ಕೊಟ್ಟಳು. ತೊಟ್ಟು ನೋಡಿದರೆ ಒಳಗೆ ಗಾಳಿ, ನಡುವೆ ಒಬ್ಬ ನಾಸೀರ್.

“ಇದೇನಿದು ಶಾಹೀನ್?”

“ಡಾಟಾಬೇಸ್‌ನ್ಯಾಗ ನಿಮ್ದೂ ನಲವತ್ತಾರು ಐತಿ. ಅದು ಸುಳ್ಳು ಹೇಳಂಗಿಲ್ಲಂತಲ್ಲ? ಜಮೀಲಾಬೀ ಹೇಳಿದ್ಲು.”

ಬೇರೆ ಅಂಗಿಗಳೆಲ್ಲ ಅವತ್ತೇ ನೀರಿನಲ್ಲಿ ನೆನೆದಿದ್ದವು. ಬೈಕು ಓಡಿದಂತೆ ಅಂಗಿ ಉಬ್ಬಿ, ಮುಕ್ಕುಂದ ಬರುವ ಹೊತ್ತಿಗೆ ಶಾಮಿಯಾನಕ್ಕೇ ಸಡ್ಡು ಹೊಡೆಯುವಂತಿತ್ತು. ಹಂದರದಲ್ಲಿ ಹುಲಿಗೆಮ್ಮನ ಜಂಪರ್ ನೋಡಿ ಹೆಂಗಸರು ಶಾಹೀನಳ ಸುತ್ತ ಮುತ್ತಿದರು. ನನಗ ನಿನ್ನ ನಂಬರ್ ಕೊಡು, ನನಗೂ ಕೊಡು ಎಂದು ಒಂದೇ ಗಲಾಟೆ. ನಾಸೀರ್ ಕಂಬದ ಮರೆಯಲ್ಲಿ ನಿಂತು ಅದನ್ನು ನೋಡಿ ಹಿಗ್ಗುತ್ತಿದ್ದ. ಆಗ ಕೇಳಿತು.

“ಏ ಪಾತ್ರಿಯವ್ನೇ! ನೀ ಕೊಟ್ಟ ಕೊಡ ಸೋರಾಕತ್ತೈತಿ! ನನ್ನ ಜಂಪರ್ ತಿರುಗಿ ಕೊಡು!”

ಹಂಪಮ್ಮ! ವಾಲಗವೂ ಅದೇ ಹೊತ್ತಿಗೆ ನಿಂತುಹೋಗಿತ್ತು. ಹಂದರಕ್ಕೆ ಹಂದರವೇ ತಿರುಗಿತು. ಆದೆಮ್ಮ ಬಂದು ಆ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. ತನ್ನ ಅಳತೆ ಅವಳಿಗೆ ಗುರುತು ಸಿಗದೇ ಇರುತ್ತದೆಯೇ? ಸೊಂಟಕ್ಕೆ ಕೈ ಇಟ್ಟು ಕೇಳಿದಳು.

“ಯಾರದವ್ವ ಇದು?”

ನಾಸೀರ್ ಹೆಂಡತಿಯ ಕಡೆ ನೋಡಿದ. ಶಾಹೀನ್ ಕೈಯಲ್ಲಿದ್ದ ಲಾಡು ಬಾಯಿಗೆ ಹಾಕಿಕೊಂಡು, ಅವಸರವಿಲ್ಲದೆ ತಿಂದು, ಸೆರಗಿಗೆ ಕೈ ಒರೆಸಿಕೊಂಡಳು.

“ಯಾರದು ಅಂತ ಹೇಳಲೇಬೇಕಲ್ರೀ,” ಅಂದಳು. “ನಂದ ಐತಿ.”