ತೂಕ ಇಳಿದರೆ ಯಾರಿಗೇನು ಲಾಭ?

ತೂಕ ನೋಡುವ ಕಾಟಾ ಹಿಡಿದು ನಾನು ಯಾವ ಊರಿಗೆ ಹೋದರೂ ಮೊದಲು ಬರುವುದು ಹೆದರಿಕೆ, ಅದರ ಬೆನ್ನಿಗೇ ನಗು. ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ದಪ್ಪ ಮೈಯವರನ್ನು ಗುಂಪು ಕೂಡಿಸಿ ನಡೆಸುವುದು, ಅವರ ಊಟ ತಿದ್ದುವುದು, ವಾರಕ್ಕೊಮ್ಮೆ ತೂಕ ನೋಡುವುದು ನನ್ನ ಕೆಲಸ. ಊರವರಿಗೆ ನಾನು ನರ್ಸ್‌ಬಾಯಿ. ಸಕ್ಕರೆ ಕಾಯಿಲೆ ಹೊಕ್ಕ ಮನೆಯಲ್ಲಿ ಕಾಲಿನ ಒಂದು ಸಣ್ಣ ಗಾಯ ಇಡೀ ಸಂಸಾರವನ್ನು ಹೇಗೆ ನುಂಗುತ್ತದೆ ಎಂಬುದನ್ನು ದವಾಖಾನೆಯಲ್ಲಿ ಕಣ್ಣಾರೆ ಕಂಡವಳು. ಹಾಗಾಗಿ ಎಲ್ಲರಿಗಿಂತ ಹೆಚ್ಚು ಅಂಜುವವಳು ನಾನೇ. ಆದರೂ ಈ ಮಂದಿ ನಗಿಸದೆ ಬಿಡುವುದಿಲ್ಲ.

ಕುರಿಗಾರ ಅಜ್ಜ

ಬಿಜ್ಜರಗಿಯಲ್ಲಿ ಗುಡಿಯ ಕಟ್ಟೆಯ ಮೇಲೆ ಕಾಟಾ ಇಟ್ಟುಕೊಂಡು ಕುಳಿತಿದ್ದೆ. ಒಬ್ಬ ಅಜ್ಜಿ ತನ್ನ ಗಂಡನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಕುರಿಯ ಹಿಂದೆ ತಿರುಗಿ ತಿರುಗಿ ಕಡ್ಡಿಯಂತಿದ್ದ ಮನುಷ್ಯ, ಮಕ್ಕಳ ಕೈಗೆ ಕುರಿ ಕೊಟ್ಟು ಕೂತಮೇಲೆ ಹೊಟ್ಟೆ ಬಂದಿತ್ತು. ನಾಲ್ಕು ಹೆಜ್ಜೆಗೆ ಏದುಸಿರು. ಕಾಟಾ ನೋಡಿದ್ದೇ ತಡ, ಅಜ್ಜನ ಮುಖ ಬಿಳುಚಿತು.

“ಹತ್ರಿ ಅಜ್ಜಾ, ಇದೇನು ಕಡಿಯೂದಿಲ್ಲ,” ಅಂದೆ.

“ಕುರಿಗೂ ನಾವು ಹಿಂಗ ಹೇಳ್ತೀವ್ರಿ.”

“ಯಾಕ ಅಷ್ಟ ಅಂಜ್ತೀರಿ?”

“ಇಷ್ಟು ವರ್ಷದಾಗ ನಾ ಕಾಟಾದ ಮ್ಯಾಲ ಹತ್ತಿಸಿದ್ದು ಒಂದೂ ಮನಿಗಿ ಹೊಳ್ಳಿ ಬಂದಿಲ್ರಿ!”

ಅಜ್ಜಿ ಬೆನ್ನಿಗೆ ಕೈ ಕೊಟ್ಟು ತಳ್ಳಿದಳು. “ಸುಮ್ಮ ಹತ್ತರಿ. ಇಷ್ಟು ವಯಸ್ಸಾದ ಮಾಲು ಯಾರೂ ಕೊಳ್ಳಂಗಿಲ್ಲ.”

ವೈನಿಯ ಅಪ್ಪಣೆ

ವಿಜಯಪುರದ ಗುಂಪಿನಲ್ಲಿ ಒಬ್ಬ ಬಸ್ ಡ್ರೈವರ್ ಇದ್ದರು; ಅವರ ಹೆಂಡತಿ ಡಿಪೋದವರಿಗೆಲ್ಲ ವೈನಿ, ಅಂದರೆ ಅತ್ತಿಗೆ. ಬಿ.ಪಿ. ಏರಿತ್ತು, ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು. ಮುಂದಿನ ವೈದ್ಯಕೀಯ ತಪಾಸಣೆಯಲ್ಲಿ ಫೇಲಾದರೆ ಗಾಡಿ ಕೈತಪ್ಪುವುದು ಖಚಿತ.

“ಮನಿಯಾಗ ದುಡಿಯಾಂವ ನಾ ಒಬ್ಬನ ಅದೀನ್ರಿ ಬಾಯಾರ. ಗಾಡಿ ಹೋತಂದ್ರ ಮುಂದ ಹೆಂಗ್ರಿ?” ಎಂದು ಕೇಳಿದರು. ದಿನಾ ಬೆಳಿಗ್ಗೆ ಸಿದ್ಧೇಶ್ವರ ಗುಡಿಯ ಹತ್ತಿರ ಬನ್ನಿ, ಎಲ್ಲರ ಕೂಡ ನಡೆಯಿರಿ ಎಂದೆ.

ಬಂದರು. ಆದರೆ ಮನಸ್ಸು ಅಂಜಿದರೂ ಕಾಲು ಕೇಳಬೇಕಲ್ಲ! ಒಂದು ದಿನ ಬೇಕೆಂದೇ ಹಿಂದೆ ಉಳಿದು, ನಾವೆಲ್ಲ ತಿರುವಿನಲ್ಲಿ ಮರೆಯಾದ ಕೂಡಲೇ ಬಂದ ಸಿಟಿ ಬಸ್ಸಿಗೆ ಕೈ ಮಾಡಿದರಂತೆ. ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತ.

“ಹತ್ತಬ್ಯಾಡ್ರಿ. ವೈನಿ ಡಿಪೋಕ್ಕ ಬಂದು ಎಲ್ಲಾರಿಗೂ ಹೇಳಿ ಹೋಗ್ಯಾರ, ಮುಂಜಾನೆ ನಿಮ್ಮನ್ನ ಹತ್ತಿಸ್ಕೋಬ್ಯಾಡ್ರಿ ಅಂತ.”

“ಲೇ, ನಾ ಓಡ್ಸೂ ಬಸ್ಸಿನಾಗ ನನಗ ಜಾಗಾ ಇಲ್ಲೇನಲೇ?”

“ಓಡ್ಸಾಕ ಐತ್ರಿ. ಕುಂದ್ರಾಕಿಲ್ಲ.”

ಬಸ್ಸು ಹೋಯಿತು. ಉಳಿದ ದಾರಿಯನ್ನು ಅವರು ಬೈಯುತ್ತಲೇ ನಡೆದರು. ಮರುದಿನ ನನ್ನ ಮುಂದೆ ಇದೆಲ್ಲ ಹೇಳುವಾಗಲೂ ಸಿಟ್ಟು ಇಳಿದಿರಲಿಲ್ಲ. ಆಮೇಲೆ ತಪಾಸಣೆಯಲ್ಲಿ ಪಾಸಾದರು, ಗಾಡಿ ಉಳಿಯಿತು, ಮನೆಯೂ ಉಳಿಯಿತು. ಆದರೆ ಈಗಲೂ ರಜೆಯ ದಿನ ಬಸ್ಸಿಗೆ ಕೈ ಮಾಡಿದರೆ ಕಂಡಕ್ಟರುಗಳು ಮೊದಲು ಕೇಳುವುದು ಒಂದೇ ಮಾತು: “ವೈನೀನ ಕೇಳಿ ಬಂದೀರೇನ್ರಿ?”

ಮಿಷನ್ ನಿಲ್ಲೂದಿಲ್ಲ

ತಿಕೋಟಾದಲ್ಲಿ ನಮ್ಮ ಗುಂಪಿನಿಂದ ಎಲ್ಲರಿಗಿಂತ ಮೊದಲು ಲಾಭ ಕಂಡವಳು ಜಂಪರ್, ಅಂದರೆ ಕುಪ್ಪಸ, ಹೊಲಿಯುವ ಹೆಣ್ಣುಮಗಳು. ತೆಳ್ಳಗಾದವರೆಲ್ಲ ಜಂಪರ್ ಬಿಗಿ ಮಾಡಿಸಲು ಅವಳ ಬಾಗಿಲಲ್ಲೇ. ದೀಪಾವಳಿ ಕಳೆದ ಮೇಲೆ ನೋಡುತ್ತೇನೆ, ಅದೇ ಹೆಂಗಸರು ಅದೇ ಜಂಪರ್ ಹಿಡಿದು ಹೊಲಿಗೆ ಬಿಚ್ಚಿಸಲು ನಿಂತಿದ್ದಾರೆ! ಇಷ್ಟು ತಿಂಗಳ ನಡಿಗೆಯೆಲ್ಲ ಹಬ್ಬದ ಕರ್ಚಿಕಾಯಿಯ ಪಾಲಾಯಿತಲ್ಲ ಎಂದು ಅಲ್ಲೇ ಕುಸಿದು ಕುಳಿತೆ.

ಅವಳೇ ನೀರು ಕೊಟ್ಟು ಸಮಾಧಾನ ಮಾಡಿದಳು. “ಅಂಜಬ್ಯಾಡ್ರಿ ಬಾಯಾರ, ಬಟ್ಟಿ ಒಳಗ ಮಡಚಿ ಬಿಟ್ಟೇನಿ. ನೀವು ಇಳಸ್ರಿ, ಹಬ್ಬ ಏರಸ್ಲಿ. ನನ್ನ ಮಿಷನ್ ಅಂತೂ ನಿಲ್ಲೂದಿಲ್ಲ.”

ಸಾಹೇಬರ ಪ್ರಶ್ನೆ

ಇದು ಬಬಲೇಶ್ವರದಲ್ಲಿ ನಡೆದದ್ದು. ಮೇಲಿನಿಂದ ಒಬ್ಬ ಸಾಹೇಬರು ಬರುತ್ತಾರೆ, ಈ ಗುಂಪುಗಳಿಗೆ ಹಾಕಿದ ದುಡ್ಡಿಗೆ ಏನು ಲಾಭ ಎಂದು ಕೇಳುತ್ತಾರೆ, ಉತ್ತರ ಸರಿಬರದಿದ್ದರೆ ಗುಂಪು ಮುಚ್ಚುತ್ತಾರೆ ಎಂಬ ಸುದ್ದಿ. ನನಗೆ ಅನ್ನ ಸೇರಲಿಲ್ಲ. ಗುಂಪು ಮುಚ್ಚಿದರೆ ಇವರೆಲ್ಲ ಮತ್ತೆ ದವಾಖಾನೆಯ ಮಂಚದ ಮೇಲೇ ನನಗೆ ಸಿಗುವವರು.

ಸಾಹೇಬರು ಬಂದರು. ಭಾರಿ ಮೈಯ ಮನುಷ್ಯ. ಸಮುದಾಯ ಭವನದ ಮೆಟ್ಟಿಲು ಹತ್ತುವಷ್ಟರಲ್ಲಿ ಅಂಗಿಯೆಲ್ಲ ಬೆವರು.

“ಆರಾಮ ಆಗೈತಿ, ಹಗುರ ಆಗೈತಿ ಅನ್ನೂದು ಬ್ಯಾಡ. ರೊಕ್ಕದ ಲಾಭ ಹೇಳ್ರಿ,” ಅಂದರು.

ಹೆಂಗಸರು ಸೆರಗು ಮುಂದೆಳೆದುಕೊಂಡರು. ಒಬ್ಬಳು, “ಬಿ.ಪಿ. ಗುಳಗಿ ಕಡಿಮಿ ಆಗ್ಯಾವ್ರಿ,” ಅಂದಳು. ಇನ್ನೊಬ್ಬಳು, “ಮೊಣಕಾಲ ಬ್ಯಾನಿ ಹೋಗಿ ದ್ರಾಕ್ಷಿ ತ್ವಾಟಕ್ಕ ಮತ್ತ ಕೂಲಿಗಿ ಹೊಂಟೇನ್ರಿ,” ಅಂದಳು.

“ಅದು ನಿಮ್ಮ ನಿಮ್ಮ ಮನಿಗಾತು. ಊರಿಗೇನು ಲಾಭ?”

ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ, ಗುಂಪಿಗೆ ಸೇರಿದಾಗ ಎಲ್ಲರಿಗಿಂತ ದಪ್ಪಗಿದ್ದ ಅಮ್ಮ ಎದ್ದು ನಿಂತಳು.

“ನಾ ಹೇಳ್ತೇನ್ರಿ ಸಾಹೇಬ್ರ. ಮೊದಲ ನಾ ಸತ್ತಿದ್ರ ಹೊರಾಕ ಎಂಟು ಮಂದಿ ಬೇಕಾಗ್ತಿದ್ರು. ಈಗ ನಾಕು ಮಂದಿ ಸಾಕು. ಉಳದ ನಾಕು ಮಂದಿ ಅವತ್ತೂ ಕೂಲಿ ದಗದಕ್ಕ ಹೋಗಬಹುದು. ಊರಿಗಿ ಲಾಭ ಅಲ್ಲೇನ್ರಿ?”

ನಾನು ಕಣ್ಣು ಮುಚ್ಚಿಕೊಂಡೆ. ಇಡೀ ಭವನ ಬಿದ್ದುಬಿದ್ದು ನಕ್ಕಿತು. ಸಾಹೇಬರು ಮಾತ್ರ ನಗಲಿಲ್ಲ. ಎದ್ದು ಹೊರಗೆ ಹೋದರು. ಬಾಗಿಲಾಚೆಯಿಂದ ನನಗೆ ಕೈ ಸನ್ನೆ ಮಾಡಿ, ಕಾಟಾ ತಗೊಂಡು ಬನ್ನಿ ಎಂದರು. ಎಲ್ಲ ಸಾಮಾನು ಜಪ್ತಿ ಮಾಡುತ್ತಾರೆ ಎಂದೇ ತಿಳಿದೆ. ಗುಂಪು ಮುಂದುವರಿಯಲಿ ಎಂದು ಅವರು ಬರೆದದ್ದು ನನಗೆ ಎಷ್ಟೋ ದಿನದ ಮೇಲೆ ಗೊತ್ತಾದದ್ದು. ಆಗ ಮಾತ್ರ ಕಾಟಾ ಎತ್ತಿಕೊಂಡು ಹೊರಗೆ ಹೋದೆ.

ಸಾಹೇಬರು ಆಚೆ ಈಚೆ ನೋಡಿದರು. ಮೆಲ್ಲಗೆ ಬೂಟು ಬಿಚ್ಚಿ ಕಾಟಾದ ಮೇಲೆ ನಿಂತರು. ಕೆಳಗೆ ನೋಡುವ ಧೈರ್ಯವಾಗದೆ ನನ್ನ ಮುಖವನ್ನೇ ನೋಡುತ್ತ ಪಿಸುಗುಟ್ಟಿದರು:

“ಬಾಯಾರ, ಖರೇ ಹೇಳ್ರಿ. ನನಗ ಎಷ್ಟು ಮಂದಿ ಬೇಕಾಗ್ತಾರ?”