ಇನ್ನೊಂದು ಕಲ್ಲಿನ ಸಮಾಚಾರ

ಮೊದಲ ಕಾದಂಬರಿ ಬರೆದು ಮುಗಿಸಿದವನ ಕೈಗೆ ಯಾರೂ ಸಿಕ್ಕಬಾರದು. ಇದನ್ನು ಧೈರ್ಯವಾಗಿ ಹೇಳುತ್ತೇನೆ, ಏಕೆಂದರೆ ಒಂದು ಕಾಲಕ್ಕೆ ಅರಸೀಕೆರೆಯಲ್ಲಿ ಆ ಮನುಷ್ಯ ನಾನೇ ಆಗಿದ್ದೆ. ಹೈಸ್ಕೂಲೊಂದರ ಗುಮಾಸ್ತನಾಗಿದ್ದುಕೊಂಡು, ಮೂರು ವರ್ಷ ಕೂತು ಇನ್ನೂರ ನಲವತ್ತು ಪುಟ ಬರೆದಿದ್ದೆ. ಜನ ಹೊಗಳಲಿ ಎಂಬ ಆಸೆ ಇರಲಿಲ್ಲವೆಂದಲ್ಲ. ಅದಕ್ಕಿಂತ ಹೆಚ್ಚಾಗಿ, ಓದಿದವರಿಗೆ ಒಳಗಿನ ಅರ್ಥ ಹೊಳೆಯುತ್ತದೋ ಇಲ್ಲವೋ ಎಂಬ ಕುತೂಹಲ ನನ್ನನ್ನು ಕೂರಲು ಬಿಡುತ್ತಿರಲಿಲ್ಲ.

ಹಳೇಬೀಡಿನ ಗುಡಿಯ ಅಂಗಳದಲ್ಲಿ ಬಿಡಿಬಿಡಿಯಾಗಿ ಇಟ್ಟಿರುವ ಕೆತ್ತನೆ ಕಲ್ಲುಗಳನ್ನು ನೋಡುತ್ತ ಕೂತಾಗ ಹೊಳೆದ ಕಥೆ ಅದು. ಗುಡಿಯ ಗೋಡೆಯಲ್ಲಿ ಅಕ್ಕಪಕ್ಕ ಎರಡು ಕಲ್ಲು. ಮೊದಲನೆಯದರ ತಪ್ಪಿನಿಂದ ಗೋಡೆ ಬಿರುಕು ಬಿಡುತ್ತದೆ. ಶಿಲ್ಪಿ ಸಿಟ್ಟಿನಲ್ಲಿ ಪಕ್ಕದ ಕಲ್ಲನ್ನು ಕಿತ್ತೆಸೆಯುತ್ತಾನೆ. ಮೊದಲನೆಯದು ತುಟಿಪಿಟಕ್ ಎನ್ನುವುದಿಲ್ಲ. ಆಮೇಲೆ ಅದು ‘ನಾನು ಯಾರು?’ ಎಂದು ಕೇಳುತ್ತ ಊರೂರು ಅಲೆದು, ಕೊನೆಗೆ ಆಕಾಶದಿಂದ ಬೆಳಕು ಬಿದ್ದು ಪಾಪಮುಕ್ತವಾಗುತ್ತದೆ. ಕಲ್ಲು ಹೇಗ್ರೀ ಅಲೆಯುತ್ತೆ ಎಂದು ಕೇಳಬೇಡಿ. ರೂಪಕದಲ್ಲಿ ಎಲ್ಲವೂ ನಡೆಯುತ್ತದೆ.

ನಮ್ಮ ಶಾಲೆಯ ಕನ್ನಡ ಮೇಷ್ಟ್ರು ನಂಜುಂಡಪ್ಪನವರು ಓದಿ, “ಕಲ್ಲು ಅಂದ್ರೆ ಜೀವಾತ್ಮ, ಅಲ್ವೇನ್ರೀ?” ಎಂದರು. ನನಗೆ ಹಾಗೆ ತೋಚಿರಲೇ ಇಲ್ಲ. ಆದರೂ, “ಸರಿಯಾಗಿ ಹಿಡಿದ್ರಿ ಮೇಷ್ಟ್ರೇ,” ಎಂದೆ.

ಆಮೇಲೆ ಹಸ್ತಪ್ರತಿಯನ್ನು ಬಸ್ ಸ್ಟ್ಯಾಂಡ್ ಹಿಂದಿನ ಡಿಟಿಪಿ ಅಂಗಡಿಗೆ ಕೊಟ್ಟೆ. ಟೈಪ್ ಮಾಡುತ್ತಿದ್ದವಳು ಮಂಜುಳ ಎಂಬ ಹುಡುಗಿ. ಕೆಲಸ ಮುಗಿದ ದಿನ ಕಂಪ್ಯೂಟರಿನಿಂದ ಮುಖ ಎತ್ತಿ ಕೇಳಿದಳು: “ಸಾರ್, ಆ ಇನ್ನೊಂದು ಕಲ್ಲಿಗೆ ಏನಾಯ್ತು? ನಲವತ್ತನೇ ಪುಟದಿಂದ ಅದರ ಸುದ್ದೀನೇ ಇಲ್ಲ.”

“ಅದು ಮುಖ್ಯ ಅಲ್ಲಮ್ಮ,” ಎಂದೆ.

“ಎಸೆದಿದ್ದು ಅದನ್ನ ತಾನೇ ಸಾರ್?”

ಮನೆಗೆ ಬಂದರೂ ಆ ಮಾತು ಕಿವಿ ಬಿಡಲಿಲ್ಲ. ನಾನು ಮೂರು ವರ್ಷ ಬರೆದದ್ದು ಯಾರ ಕಥೆ ಎಂದು ನನಗೇ ಆಗ ಹೊಳೆದದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರವಣಿಗೆ ಬಾಕಿಯಿದೆ ಎಂದು ದಾಖಲಾತಿ ಪುಸ್ತಕವನ್ನು ಯಾರಿಗೂ ಹೇಳದೆ ಬೇಲೂರಿನ ನಮ್ಮ ಮನೆಗೆ ಒಯ್ಯುವಾಗ ದಾರಿಯಲ್ಲಿ ಬಸ್ಸಿನಲ್ಲೇ ಬಿಟ್ಟಿದ್ದೆ. ಅದನ್ನಿಡುವ ಬೀರುವಿನ ಬೀಗದಕೈ ಇರುತ್ತಿದ್ದದ್ದು ಜವಾನ ಪುಟ್ಟಸ್ವಾಮಿಯ ಹತ್ತಿರ. ಹೆಡ್‌ಮಾಸ್ಟರು ಅವರನ್ನು ನಿಲ್ಲಿಸಿ ಬೈಯುವಾಗ ನಾನು ಪಕ್ಕದಲ್ಲೇ ಕೂತು ಪೆನ್ನಿಗೆ ಇಂಕು ತುಂಬುತ್ತಿದ್ದೆ. ಪುಟ್ಟಸ್ವಾಮಿಗೆ ಬಾಣಾವರಕ್ಕೆ ವರ್ಗವಾಯಿತು.

ಮುಂದಿನ ಭಾನುವಾರ ರೈಲು ಹತ್ತಿದೆ. ತಲೆ ನರೆತಿದ್ದ ಪುಟ್ಟಸ್ವಾಮಿ ಮನೆ ಮುಂದೆ ಎಮ್ಮೆ ಮೈ ತೊಳೆಯುತ್ತಿದ್ದರು. ಜಗಲಿಯ ಮೇಲೆ ಕೂತು, ಎಲ್ಲಿಂದ ಶುರುಮಾಡಬೇಕೋ ತಿಳಿಯದೆ, ನಾಚಿಕೆಯಿಲ್ಲದೆ ಕಾದಂಬರಿಯ ಕಥೆ ಹೇಳಿದೆ. ಪೂರ್ತಿ ಕೇಳಿದರು.

“ಕಲ್ಲು ಯಾಕ್ ಸಾ? ಮನುಸ್ರು ಯಾರೂ ಸಿಗ್ಲಿಲ್ವಾ?”

ಆಗ ನಡೆದದ್ದನ್ನು ಬಾಯಿಬಿಟ್ಟೆ. ಅವರ ಮುಖ ಬದಲಾಗಲಿಲ್ಲ.

“ನೀವು ಪುಸ್ತಕ ಚೀಲಕ್ಕೆ ಹಾಕ್ಕೊಂಡಿದ್ದು ನಾನೇ ನೋಡಿದ್ದೆ. ನೀವೇ ಹೇಳ್ತೀರಿ ಅಂತ ಸುಮ್ನಿದ್ದೆ. ಒಂದ್ ವಾರ ಕಾದೆ ಸಾ. ಆಮೇಲೆ ಹೇಳಿದ್ರೆ ಯಾರು ನಂಬ್ತಾರೆ?”

ಪುಸ್ತಕ ಕಳೆದ ಆರೋಪಕ್ಕೆ ಸೇವಾ ದಾಖಲೆಯಲ್ಲಿ ಬಿದ್ದ ಕಪ್ಪು ಗುರುತಿನಿಂದ ಅವರ ಬಡ್ತಿ ಎರಡು ಸಲ ತಪ್ಪಿತ್ತಂತೆ. “ಈ ಸಲ ಮತ್ತೆ ಹೆಸರು ಹೋಗೈತೆ. ಬರೆಯೋರಲ್ವಾ ನೀವು, ಇದನ್ನ ಬರ್ಕೊಡಿ,” ಎಂದು ಮಗಳ ನೋಟುಬುಕ್ಕಿನಿಂದ ಹಾಳೆ ಹರಿದುಕೊಟ್ಟರು.

ಆರು ಸಾಲು ಬರೆಯಲು ಊಟದ ಹೊತ್ತು ಮೀರಿತು. ನನ್ನ ನೌಕರಿಯ ಗತಿ ಏನು ಎಂಬ ಹೆದರಿಕೆ ಬೇರೆ. ಪುಟ್ಟಸ್ವಾಮಿ ಕನ್ನಡಕ ಹಾಕಿಕೊಂಡು ಓದಿ, ಒಂದು ಕಡೆ ಬೆರಳಿಟ್ಟರು.

“‘ಅನಿವಾರ್ಯ ಕಾರಣಗಳಿಂದ’ ಅಂದ್ರೆ ಏನ್ ಸಾ?”

ನಾನು ಹೊಡೆದುಹಾಕಿ, ‘ಹೆದರಿಕೆಯಿಂದ’ ಎಂದು ಬರೆದೆ.

ಆ ಹಾಳೆ ಇಲಾಖೆಗೆ ಹೋಯಿತು. ಪುಟ್ಟಸ್ವಾಮಿಗೆ ಆ ವರ್ಷ ಬಡ್ತಿ ಬಂತು, ನನಗೆ ಮೆಮೋ ಬಂತು. ಕಾದಂಬರಿಯನ್ನು ಮೂವರು ಪ್ರಕಾಶಕರಿಗೆ ಕಳಿಸಿದೆ, ಯಾರೂ ಉತ್ತರ ಬರೆಯಲಿಲ್ಲ. ನಾನು ಬರೆದದ್ದರಲ್ಲಿ ಪೂರ್ತಿ ಓದಿಸಿಕೊಂಡು, ಲಿಖಿತ ಅಭಿಪ್ರಾಯವನ್ನೂ ಪಡೆದದ್ದು ಆ ಆರು ಸಾಲು ಮಾತ್ರ.